ವಯಸ್ಸಾದ ನಾಯಿಗೆ ತುಪ್ಪ ಬೇಡ

ಕಳೆದ ತಿಂಗಳ ಮಾತು. ಸಕ್ಕರೆ ಕಾಯಿಲೆಯ ತಪಾಸಣೆಗೆಂದು ತಪ್ಪದೆ ಬರುವ ನಿವೃತ್ತ ಮೇಷ್ಟ್ರೊಬ್ಬರು, ನಾನು ರಕ್ತದೊತ್ತಡ ನೋಡಿ ಔಷಧಿ ಬರೆದುಕೊಟ್ಟ ಮೇಲೂ ಕುರ್ಚಿಯಿಂದ ಏಳಲಿಲ್ಲ. "ತಪ್ಪು ತಿಳಿಯಬೇಡಿ ಡಾಕ್ಟ್ರೇ, ನಾಯಿ ವಿಷಯ ಒಂದು ಕೇಳಬಹುದಾ?" ಎಂದರು. ಅವರ ಮನೆಯ 12 ವರ್ಷದ ನಾಯಿ ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು. ಜೇಬಿನಿಂದ ಚೀಟಿ ತೆಗೆದು ತೋರಿಸಿದರು. 'ಪ್ಯಾಂಕ್ರಿಯಾಟೈಟಿಸ್' ಎಂದು ಬರೆದಿತ್ತು. "ಇದು ಕುಡಿಯೋರಿಗೆ ಬರೋ ಕಾಯಿಲೆ ಅಂತ ಕೇಳಿದ್ದೆ. ನಮ್ಮ ನಾಯಿಗೆ ಹೇಗೆ ಬಂತು ಸಾರ್? ಮನೇಲಿ ನಾನೂ ಕುಡಿಯೋನಲ್ಲ!"

ಅವರ ಪ್ರಶ್ನೆ ಸಹಜವೇ. ಮನುಷ್ಯರಲ್ಲಿ ಈ ಕಾಯಿಲೆಗೆ ಎರಡು ದೊಡ್ಡ ಕಾರಣಗಳು ಮದ್ಯಪಾನ ಮತ್ತು ಪಿತ್ತಕೋಶದ ಕಲ್ಲು. ನಾಯಿಗೆ ಮೊದಲನೆಯದು ಇಲ್ಲ, ಎರಡನೆಯದು ಅಪರೂಪ. ಆದರೂ ನಾಯಿಗಳಲ್ಲಿ, ಅದರಲ್ಲೂ ನಡುವಯಸ್ಸು ದಾಟಿದ, ಮೈ ಬಂದ, ಮನೆಯೊಳಗೇ ಇರುವ ನಾಯಿಗಳಲ್ಲಿ, ಈ ಕಾಯಿಲೆ ಸಾಕಷ್ಟು ಕಾಣಿಸಿಕೊಳ್ಳುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಮನುಷ್ಯರ ವೈದ್ಯ. ನಿಮ್ಮ ನಾಯಿಗೆ ಯಾವ ಔಷಧಿ, ಎಷ್ಟು ಎಂದು ಹೇಳುವ ಅಧಿಕಾರ ಪಶುವೈದ್ಯರದ್ದು. ಆದರೆ ಎರಡು ವರ್ಷದ ಹಿಂದೆ ಇದೇ ಕಾಯಿಲೆ ನಮ್ಮ ಮನೆಯಲ್ಲೇ ಬಂದಿತ್ತು. ಆಗ ಕಂಡದ್ದು ಇಷ್ಟು: ಪ್ರಾಣ ಉಳಿಸುವ ಕೆಲಸ ಆಸ್ಪತ್ರೆಯಲ್ಲಿ ನಡೆಯುತ್ತದೆ; ಉಳಿದ ಪ್ರಾಣ ಮತ್ತೆ ಅಪಾಯಕ್ಕೆ ಬೀಳುವುದು ಮನೆಯ ಅಡುಗೆಮನೆಯಲ್ಲಿ. ಆದ್ದರಿಂದ ಈ ವಾರ ಈ ಅಂಕಣವನ್ನು ನಾಯಿ ಸಾಕಿದ ಮನೆಗಳಿಗಾಗಿ ಮೀಸಲಿಡುತ್ತಿದ್ದೇನೆ.

ಏನಿದು ಕಾಯಿಲೆ?

ಜಠರದ ಪಕ್ಕದಲ್ಲಿ, ಸಣ್ಣಕರುಳಿನ ಮೊದಲ ಭಾಗಕ್ಕೆ ಒತ್ತಿಕೊಂಡು ಇರುವ ಮೃದುವಾದ ಅಂಗ ಮೇದೋಜೀರಕ ಗ್ರಂಥಿ. ಅದಕ್ಕೆ ಎರಡು ಕೆಲಸ. ಇನ್ಸುಲಿನ್ ತಯಾರಿಸಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಒಂದು. ಕೊಬ್ಬು, ಪ್ರೋಟೀನು, ಪಿಷ್ಟಗಳನ್ನು ಕರಗಿಸುವ ಜೀರ್ಣರಸವನ್ನು ಕರುಳಿಗೆ ಹರಿಸುವುದು ಇನ್ನೊಂದು. ಈ ಗ್ರಂಥಿಯ ಬಗ್ಗೆ ವೈದ್ಯಲೋಕ ಕಲಿತದ್ದರಲ್ಲಿ ಬಹಳಷ್ಟು ನಾಯಿಗಳಿಂದಲೇ ಎಂಬುದು ಹೆಚ್ಚು ಜನರಿಗೆ ತಿಳಿಯದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದಲೇ ಇನ್ಸುಲಿನ್ ಕೈಗೆ ಬಂತು. ನಮ್ಮ ಮೇಷ್ಟ್ರು ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿ ನಾಯಿಗಳ ಋಣವೂ ಇದೆ.

ಜೀರ್ಣರಸವೆಂದರೆ ಮಾಂಸವನ್ನೇ ಕರಗಿಸಬಲ್ಲ ರಸ. ಅದು ತಯಾರಾದ ಜಾಗದಲ್ಲೇ ಕೆಲಸ ಶುರುಮಾಡಿದರೆ ಗತಿಯೇನು? ಅದಕ್ಕಾಗಿಯೇ ಪ್ರಕೃತಿ ಅದನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತದೆ. ಕರುಳಿಗೆ ಇಳಿದ ಮೇಲಷ್ಟೇ ಅದಕ್ಕೆ ಬಲ ಬರುತ್ತದೆ. ಈ ಏರ್ಪಾಡು ಕೆಟ್ಟು ರಸವು ಗ್ರಂಥಿಯೊಳಗೇ ಎಚ್ಚೆತ್ತುಕೊಂಡಾಗ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಇದೇ ಮೇದೋಜೀರಕ ಗ್ರಂಥಿಯ ಉರಿಯೂತ. ನೋವು, ವಾಂತಿ, ನಿರ್ಜಲತೆ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ತೀವ್ರವಾದರೆ ಉರಿಯೂತ ಗ್ರಂಥಿಯಲ್ಲೇ ನಿಲ್ಲದೆ ಮೂತ್ರಪಿಂಡ, ಶ್ವಾಸಕೋಶಗಳನ್ನೂ ಕೆಡಿಸಿ ಪ್ರಾಣಕ್ಕೇ ಎರವಾಗಬಹುದು.

ನಾಯಿಗಳಲ್ಲಿ ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ. ಗೊತ್ತಾದ ಸಂದರ್ಭಗಳಲ್ಲಿ ಮುಂಚೂಣಿಯಲ್ಲಿರುವುದು ಒಮ್ಮೆಲೇ ತಿಂದ ಜಿಡ್ಡಿನ ಊಟ ಅಥವಾ ಕಸದ ಬುಟ್ಟಿಯಿಂದ ಎಳೆದು ತಿಂದದ್ದು. ಬೊಜ್ಜು, ರಕ್ತದಲ್ಲಿ ಹೆಚ್ಚಿದ ಕೊಬ್ಬಿನಂಶ, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಮುಂತಾದವು ಇದ್ದ ನಾಯಿಗಳಿಗೆ ಅಪಾಯ ಹೆಚ್ಚು. ಫಿಟ್ಸ್‌ಗೆ ಕೊಡುವ ಫಿನೊಬಾರ್ಬಿಟೋನ್, ಪೊಟ್ಯಾಸಿಯಂ ಬ್ರೊಮೈಡ್‌ನಂಥ ಔಷಧಿಗಳಿಗೂ ಈ ಕಾಯಿಲೆಗೂ ನಂಟಿದೆ. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮರುಕಳಿಸಿದರೆ ಅದು ಇನ್ನೂ ದೊಡ್ಡ ಅಪಾಯ. ನಾಯಿ ಯಾವ ಯಾವ ಮಾತ್ರೆ ತಿನ್ನುತ್ತಿದೆ ಎಂಬುದನ್ನು ಪಶುವೈದ್ಯರಿಗೆ ಬರೆದುಕೊಡಿ, ಸಾಕು.

ಹೊಸತೊಡಕಿನ ಮರುದಿನ

ನಮ್ಮ ಮೋತಿ ಬಿಳಿ ಸ್ಪಿಟ್ಜ್, ನಮ್ಮಲ್ಲಿ ಎಲ್ಲರೂ ಪೊಮೆರೇನಿಯನ್ ಎಂದು ಕರೆಯುತ್ತಾರಲ್ಲ, ಆ ಜಾತಿ. ಆಗ ಅವನಿಗೆ 11 ವರ್ಷ. ಹತ್ತು ಕೆ.ಜಿ. ಇರಬೇಕಾದವನು ಹನ್ನೆರಡೂವರೆ ತೂಗುತ್ತಿದ್ದ. ಯುಗಾದಿಯ ದಿನ ಅಮ್ಮ ತುಪ್ಪ ಸುರಿದು ಒಬ್ಬಟ್ಟು ಹಾಕಿದ್ದರು. ಮರುದಿನ ಹೊಸತೊಡಕು; ಮಾಂಸ ಹಸನು ಮಾಡುವಾಗ ತೆಗೆದ ಕೊಬ್ಬಿನ ಚೂರುಗಳೆಲ್ಲ ಅವನ ತಟ್ಟೆಗೆ. ಇಷ್ಟು ವರ್ಷ ನಡೆದು ಬಂದ ಪದ್ಧತಿಯೇ. ಅವನಿಗೆ ಏನೂ ಆಗಿರಲಿಲ್ಲ.

ಆ ರಾತ್ರಿ ಮೂರು ಸಲ ವಾಂತಿ. ಬೆಳಿಗ್ಗೆ ಹಳದಿ ನೊರೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗವನ್ನು ಮಾತ್ರ ಎತ್ತಿ ನಿಲ್ಲುತ್ತಿದ್ದ. "ಮೈ ಮುರೀತಾನೆ ಕಣೋ" ಎಂದರು ಅಮ್ಮ. ನನಗೂ ಹಾಗೇ ಅನಿಸಿತು. ಅದು ಮೈ ಮುರಿಯುವುದಲ್ಲ, ಹೊಟ್ಟೆನೋವು ಎಂದು ತಿಳಿದದ್ದು ಸಂಜೆ ಪಶುವೈದ್ಯರು ಹೇಳಿದಾಗ. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ, ಕೂಗಿ ಹೇಳುವುದಿಲ್ಲ. ಈ ಭಂಗಿ, ಎತ್ತಿಕೊಳ್ಳಲು ಹೋದರೆ ಮುದುಡಿಕೊಳ್ಳುವುದು, ನಡುಗುವುದು, ಬೆನ್ನು ಗೂನು ಮಾಡಿ ನಡೆಯುವುದು, ಮೂಲೆ ಹಿಡಿದು ಮಲಗುವುದು ಇವೇ ಅದರ ಮಾತು.

ಆಸ್ಪತ್ರೆಯಲ್ಲಿ ನನ್ನ ವೈದ್ಯಕೀಯ ಜ್ಞಾನ ಎರಡು ಸಲ ಎಡವಿತು. ಮನುಷ್ಯರಿಗೆ ಮಾಡಿಸುವಂತೆ 'ಅಮೈಲೇಸ್ ನೋಡಿಸಿದಿರಾ?' ಎಂದು ಕೇಳಿದೆ. ನಾಯಿಗಳಲ್ಲಿ ಆ ಪರೀಕ್ಷೆಯನ್ನು ನಂಬುವಂತಿಲ್ಲ, ಅವುಗಳಿಗೆಂದೇ ಪ್ರತ್ಯೇಕವಾದ ಲೈಪೇಸ್ ಪರೀಕ್ಷೆ ಇದೆ, ಜೊತೆಗೆ ಸ್ಕ್ಯಾನಿಂಗ್ ಬೇಕು ಎಂದು ಪಶುವೈದ್ಯರು ತಾಳ್ಮೆಯಿಂದ ತಿಳಿಸಿದರು. ಎರಡನೆಯದು ಊಟದ ವಿಷಯ. ನಾವು ಎಂಬಿಬಿಎಸ್ ಓದುವಾಗ ಈ ಕಾಯಿಲೆಗೆ 'ಬಾಯಿಗೆ ಏನೂ ಬೇಡ, ಗ್ರಂಥಿಗೆ ವಿಶ್ರಾಂತಿ ಕೊಡಿ' ಎಂದೇ ಪಾಠ. ವಾಂತಿ ನಿಂತ ಎರಡನೇ ದಿನವೇ ಪಶುವೈದ್ಯರು ಮೋತಿಗೆ ಎರಡು ಚಮಚ ಗಂಜಿ ಕುಡಿಸಿದಾಗ ನಾನು ಗಾಬರಿಯಾದೆ. ಈಗ ಆ ಪಾಠ ಬದಲಾಗಿದೆ, ಮನುಷ್ಯರಲ್ಲೂ ಬದಲಾಗಿದೆ. ಕರುಳಿಗೆ ಆಹಾರ ಇಳಿಯದಿದ್ದರೆ ಕರುಳಿನ ಒಳಪದರವೇ ಸೊರಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಸುಳಲು ದಾರಿಯಾಗುತ್ತದೆ. ಆದ್ದರಿಂದ ನೋವು ಮತ್ತು ವಾಂತಿಯನ್ನು ಔಷಧಿಯಿಂದ ತಡೆದು, ಆದಷ್ಟು ಬೇಗ ಸ್ವಲ್ಪ ಸ್ವಲ್ಪ ಊಟ ಕೊಡುವುದೇ ಇಂದಿನ ಕ್ರಮ. ತಾನಾಗಿ ತಿನ್ನದ ನಾಯಿಗೆ ಮೂಗಿನ ಮೂಲಕ ಸಣ್ಣ ನಳಿಕೆ ಹಾಕಿಯಾದರೂ ಕೊಡುತ್ತಾರೆ. ಆದ್ದರಿಂದ ಮನೆಗೆ ಬಂದ ನಾಯಿಯನ್ನು 'ಹೊಟ್ಟೆಗೆ ರೆಸ್ಟ್ ಇರಲಿ' ಎಂದು ದಿನಗಟ್ಟಲೆ ಉಪವಾಸ ಕೆಡವಬೇಡಿ.

ಇನ್ನೊಂದು ಸಂದೇಹ ಮೇಷ್ಟ್ರಿಗೂ ಇತ್ತು: "ಆಂಟಿಬಯಾಟಿಕ್ಕೇ ಬರೆದಿಲ್ಲವಲ್ಲ ಸಾರ್?" ಬರೆಯದಿದ್ದುದೇ ಸರಿ. ಇದು ಸಾಮಾನ್ಯವಾಗಿ ಸೋಂಕಿನಿಂದ ಬಂದ ಉರಿಯೂತವಲ್ಲ. ಸೋಂಕಿನ ಗುರುತು ಕಂಡಾಗ ಮಾತ್ರ ಆಂಟಿಬಯಾಟಿಕ್ ಬೇಕು.

ಚಮಚದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತು ಕೆ.ಜಿ. ತೂಕದ, ಹೆಚ್ಚು ಓಡಾಟವಿಲ್ಲದ ಮುದಿ ನಾಯಿಗೆ ದಿನಕ್ಕೆ ಸುಮಾರು 450ರಿಂದ 500 ಕ್ಯಾಲೊರಿ ಸಾಕು. ಈ ಕಾಯಿಲೆಯಿಂದ ಚೇತರಿಸಿಕೊಳ್ಳುವ ನಾಯಿಗೆ ಪಶುವೈದ್ಯರು ಸೂಚಿಸುವ ಕಡಿಮೆ ಕೊಬ್ಬಿನ ಆಹಾರದಲ್ಲಿ ಪ್ರತಿ 1000 ಕ್ಯಾಲೊರಿಗೆ 20 ಗ್ರಾಂ ಆಸುಪಾಸಿನಲ್ಲಿ, ಇಲ್ಲವೇ ಅದಕ್ಕೂ ಕಡಿಮೆ ಕೊಬ್ಬು ಇರುತ್ತದೆ. ಅಂದರೆ ಈ ನಾಯಿಗೆ ಇಡೀ ದಿನಕ್ಕೆ 9-10 ಗ್ರಾಂ ಕೊಬ್ಬು. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 5 ಗ್ರಾಂ ಇದೆ. 'ಅನ್ನದ ಮೇಲೆ ಒಂದೇ ಒಂದು ಚಮಚ' ಎಂದು ನೀವು ಹಾಕಿದ್ದು ಅದರ ದಿನದ ಪಾಲಿನ ಅರ್ಧ! ತೂಕದ ಲೆಕ್ಕದಲ್ಲಿ ನೋಡಿದರೆ ಅರವತ್ತು ಕೆ.ಜಿ.ಯ ಮನುಷ್ಯನಿಗೆ ಅದು ಆರು ಚಮಚವಿದ್ದಂತೆ. ಮೊಟ್ಟೆಯ ಒಂದು ಹಳದಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕೊಬ್ಬು.

ತುಪ್ಪ, ಬೆಣ್ಣೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮೋಸವಾಗುವುದು ಜಿಡ್ಡೆಂದು ಅನಿಸದ ಪದಾರ್ಥಗಳಲ್ಲಿ. ಕಾಯಿ ತುರಿಯುವಾಗ ಅಡುಗೆಮನೆ ಬಾಗಿಲಲ್ಲಿ ಕಾದು ಕುಳಿತ ನಾಯಿಗೆ ಒಂದು ಹೋಳು ಎಸೆಯುವುದು ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಾಮೂಲು. ಹಸಿ ತೆಂಗಿನಕಾಯಿಯಲ್ಲಿ ಮೂರನೇ ಒಂದು ಭಾಗ ಕೊಬ್ಬೇ. ಶೇಂಗಾದಲ್ಲಿ ಸುಮಾರು ಅರ್ಧ. ಕೆನೆ ಕಟ್ಟಿದ ಹಾಲು, ಚಪಾತಿಗೆ ಸವರಿದ ಎಣ್ಣೆ, ಸಾಂಬಾರಿನ ಒಗ್ಗರಣೆ, ಖಾರದ ಬೂಂದಿ, ಟೀ ಜೊತೆ ಕೊಡುವ ಬಿಸ್ಕತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಕೊಬ್ಬು ಎಂದು ಮುದ್ರಿಸಿರುತ್ತಾರೆ, ಓದಿ ನೋಡಿ.

ಹಾಗಾದರೆ ಏನು ಕೊಡಬೇಕು? ಪಶುವೈದ್ಯರು ಬರೆದುಕೊಡುವ ಕಡಿಮೆ ಕೊಬ್ಬಿನ ಸಿದ್ಧ ಆಹಾರ ಸಿಕ್ಕರೆ, ಕೊಳ್ಳುವ ಶಕ್ತಿ ಇದ್ದರೆ, ಅದೇ ಸುಲಭ. ಬೆಲೆ ಮಾತ್ರ ಎಲ್ಲರಿಗೂ ಎಟುಕುವಂಥದ್ದಲ್ಲ. ಮನೆಯಲ್ಲೇ ಮಾಡುವುದಾದರೆ ಮೆತ್ತಗೆ ಬೇಯಿಸಿದ ಅನ್ನ, ಜೊತೆಗೆ ಚರ್ಮ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಯ ಮಾಂಸ. 200 ಗ್ರಾಂ ಅನ್ನಕ್ಕೆ 100 ಗ್ರಾಂ ಬೆಂದ ಮಾಂಸ ಹಿಸುಕಿ ಹಾಕಿದರೆ ಸುಮಾರು 420 ಕ್ಯಾಲೊರಿ ಆಗುತ್ತದೆ, ಕೊಬ್ಬು 5 ಗ್ರಾಂ ದಾಟದು. ಬೇಯಿಸಿದ ನೀರನ್ನು ಫ್ರಿಜ್‌ನಲ್ಲಿಟ್ಟು ಮೇಲೆ ಗಟ್ಟಿಯಾದ ಕೊಬ್ಬನ್ನು ತೆಗೆದುಹಾಕಿ, ಉಳಿದ ತಿಳಿಯನ್ನು ಅನ್ನಕ್ಕೆ ಬೆರೆಸಿದರೆ ವಾಸನೆಗೆ ನಾಯಿ ಬರುತ್ತದೆ. ಮಾಂಸ ತರದ ಮನೆಗಳಲ್ಲಿ ಕೆನೆ ಪೂರ್ತಿ ತೆಗೆದ ಹಾಲಿನ ಮೊಸರು, ಚೆನ್ನಾಗಿ ಬೆಂದು ಕರಗಿದ ಹೆಸರುಬೇಳೆಯ ಕಟ್ಟು, ಮೊಟ್ಟೆ ಒಪ್ಪುವವರಾದರೆ ಬೇಯಿಸಿದ ಬಿಳಿ ಭಾಗ ಆಗುತ್ತದೆ. ಹಾಲು ಕೆಲವು ನಾಯಿಗಳಿಗೆ ಭೇದಿ ತರಿಸುವುದುಂಟು, ಮೊಸರು ವಾಸಿ. ರಾಗಿ ಮುದ್ದೆಯಲ್ಲಿ ಕೊಬ್ಬು ಕಡಿಮೆಯೇ, ಆದರೆ ನಾರು ಹೆಚ್ಚು. ಮೊದಲ ಒಂದೆರಡು ವಾರ ಬೇಡ. ಹೊಟ್ಟೆ ಸುಧಾರಿಸಿದ ಮೇಲೆ ಪಶುವೈದ್ಯರನ್ನು ಕೇಳಿ ಶುರುಮಾಡಿ.

ಉಪ್ಪು, ಖಾರ, ಒಗ್ಗರಣೆ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೆಂದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಸಕ್ಕರೆರಹಿತ ಚೂಯಿಂಗ್ ಗಮ್ ಮತ್ತು ತಿನಿಸುಗಳಲ್ಲಿರುವ ಝೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಕ್ಷಣದಲ್ಲಿ ಇಳಿಸಿ ಕೊಲ್ಲಬಲ್ಲದು.

ಈ ಅನ್ನ-ಕೋಳಿಯ ಊಟ ಚೇತರಿಕೆಯ ಕೆಲವು ವಾರಗಳಿಗೆ ಮಾತ್ರ ಎಂಬುದು ನೆನಪಿರಲಿ. ಅದರಲ್ಲಿ ಸುಣ್ಣದಂಶವೂ ಕೆಲವು ಜೀವಸತ್ವಗಳೂ ಸಾಲವು. ಮುಂದೆ ಅದನ್ನೇ ಮುಂದುವರಿಸುವುದಾದರೆ ಯಾವ ಪೂರಕ ಎಷ್ಟು ಎಂದು ಕೇಳಿಕೊಳ್ಳಬೇಕು.

ಒಂದೇ ಸಲ ತಟ್ಟೆ ತುಂಬ ಹಾಕದೆ ದಿನಕ್ಕೆ ನಾಲ್ಕೈದು ಸಲ ಹಂಚಿ ಹಾಕಿ. ಉಗುರುಬೆಚ್ಚಗಿರಲಿ. ತಿನ್ನಲಿಲ್ಲವೆಂದು ಬಾಯಿ ಬಿಡಿಸಿ ತುರುಕಬೇಡಿ. ತುರುಕಿದ್ದು ಶ್ವಾಸಕೋಶಕ್ಕೆ ಹೋದರೆ ಹೊಸ ಕಾಯಿಲೆ, ಅಲ್ಲದೆ ಆ ಊಟದ ಮೇಲೆಯೇ ಅದಕ್ಕೆ ಜಿಗುಪ್ಸೆ ಬಂದುಬಿಡುತ್ತದೆ. ತಟ್ಟೆ ಕಂಡೊಡನೆ ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು, ಪದೇ ಪದೇ ನುಂಗುವುದು, ಮುಖ ತಿರುಗಿಸುವುದು ಓಕರಿಕೆಯ ಗುರುತು. ಅದು ಹಟವಲ್ಲ. ವಾಂತಿ ತಡೆಯುವ ಮಾತ್ರೆಯ ಸಮಯವನ್ನು ಊಟಕ್ಕೆ ಹೊಂದಿಸಬೇಕೇ ಎಂದು ವೈದ್ಯರನ್ನು ಕೇಳಿ. ಮನೆಗೆ ಬಂದ ಮೇಲೆ ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ಕಾಯುತ್ತ ಕೂರದೆ ಫೋನ್ ಮಾಡಿ.

ಕೊಟ್ಟವರು ಯಾರು?

ಮೂರನೇ ವಾರಕ್ಕೆ ಮೋತಿ ಬಾಗಿಲಿಗೆ ಬಂದು ಬೊಗಳುವಷ್ಟು ಆಗಿದ್ದ. ಒಂದು ಬೆಳಿಗ್ಗೆ ಮತ್ತೆ ಅದೇ ಹಳದಿ ನೊರೆ, ಅದೇ ಭಂಗಿ. ನಾನು ನೇರವಾಗಿ ಅಮ್ಮನ ಮೇಲೆ ರೇಗಿದೆ. "ತುಪ್ಪ ಹಾಕಿದೆಯಾ? ನಿಜ ಹೇಳಮ್ಮ." ಅಮ್ಮ ಏನೂ ಮಾತಾಡಲಿಲ್ಲ. ಅವನ ತಟ್ಟೆಯನ್ನು ತಂದು ನನ್ನೆದುರು ಇಟ್ಟರು. ಒಣಗಿದ ಬಿಳಿ ಅನ್ನದ ಅಗುಳು ಅಷ್ಟೇ. ಮೂರು ವಾರದಿಂದ ಅವನಿಗೆಂದೇ ಪುಟ್ಟ ಕುಕ್ಕರು ಬೇರೆ ಇಟ್ಟು, ಕೋಳಿಯನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದವರು ಅವರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನೆನಪಾಯಿತು. ಹಿಂದಿನ ರಾತ್ರಿ ಹತ್ತೂವರೆಗೆ ಕ್ಲಿನಿಕ್ ಮುಗಿಸಿ ಬೆಣ್ಣೆದೋಸೆ ಪಾರ್ಸಲ್ ತಂದಿದ್ದೆ. ಎಲ್ಲರೂ ಮಲಗಿದ್ದರು. ಕಾಲ ಬಳಿ ಬಂದು ಕುಳಿತು ಅವನು ನೋಡಿದ ನೋಟಕ್ಕೆ ಗರಿಗರಿ ಅಂಚನ್ನು ಮುರಿದು ಕೊಟ್ಟಿದ್ದೆ. ಎರಡು ತುಂಡೋ ಮೂರೋ. ಬೆಳಿಗ್ಗೆ ಅದು ನೆನಪೇ ಇರಲಿಲ್ಲ.

ಆ ಎರಡು ತುಂಡಿನಿಂದಲೇ ಮರುಕಳಿಸಿತು ಎಂದು ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಈ ಕಾಯಿಲೆ ಕೆಲವೊಮ್ಮೆ ಏನೂ ಕಾರಣವಿಲ್ಲದೆಯೂ ಮರುಕಳಿಸುತ್ತದೆ. ಆದರೆ ವೈದ್ಯನಾದ ನಾನೇ ಲೆಕ್ಕ ತಪ್ಪಿಸಿದ್ದೆ, ಬೈದದ್ದು ಅಮ್ಮನನ್ನು. ಮೋತಿ ಮತ್ತೆ ಮೂರು ದಿನ ಡ್ರಿಪ್ ಮೇಲಿದ್ದ. ಅಮ್ಮನ ಹತ್ತಿರ ಆ ಸಂಜೆಯೇ ತಪ್ಪು ಒಪ್ಪಿಕೊಂಡೆ. "ನೀನು ಕೊಟ್ಟಿದ್ದು ಗೊತ್ತಿತ್ತು, ರಾತ್ರಿ ಎಚ್ಚರವಾಗೇ ಇದ್ದೆ" ಎಂದರು.

ಬಾಯಿಲ್ಲದ ಪ್ರಾಣಿ, ಆಸೆಯಿಂದ ನೋಡುತ್ತದೆ, ಹೇಗೆ ಕೊಡದಿರುವುದು ಎಂಬ ಸಂಕಟ ನಮ್ಮ ಮನೆಗಳಲ್ಲಿ ಸಣ್ಣದಲ್ಲ. ಹಿರಿಯರಿಗಂತೂ ಮುದಿ ನಾಯಿಗೆ ಊಟ ಹಾಕುವುದು ದಿನದ ಒಂದು ಸುಖ. ಅದನ್ನು ಅವರಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ. ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕಿಡಿ. ಅಜ್ಜಿ, ಮಕ್ಕಳು, ಯಾರೇ ಕೊಡಲಿ, ಆ ಡಬ್ಬಿಯಿಂದಲೇ ಕೊಡಲಿ. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ನಡುವೆ ಬೇಡಿದರೆ ಬೇಯಿಸಿದ ಸೌತೆ ಅಥವಾ ಸಿಹಿಗುಂಬಳದ ಸಣ್ಣ ಹೋಳು ಆಗುತ್ತದೆ. ಮನೆಗೆಲಸಕ್ಕೆ ಬರುವವರಿಗೂ, ಗೇಟಿನ ಬಳಿ ಬನ್ನು ಹಾಕುವ ಪಕ್ಕದ ಮನೆಯವರಿಗೂ, ಹಬ್ಬಕ್ಕೆ ಬಂದ ನೆಂಟರಿಗೂ ಮುಖ ನೋಡದೆ ಹೇಳಿಬಿಡಿ. ಕಸದ ಬುಟ್ಟಿಗೆ ಮುಚ್ಚಳ ಇರಲಿ. ಮಾತ್ರೆಯನ್ನು ಪೇಡಾದಲ್ಲೋ ಬೆಣ್ಣೆಯಲ್ಲೋ ಹುದುಗಿಸಿ ನುಂಗಿಸುವ ಜಾಣತನ ಬೇಡ, ಅನ್ನದ ಉಂಡೆ ಸಾಕು.

ನಿಮ್ಮ ಮಾತ್ರೆ ಅದಕ್ಕಲ್ಲ

ಮೇಷ್ಟ್ರು ಕೊನೆಗೆ ಹಿಂಜರಿಯುತ್ತ ಹೇಳಿದ ಒಂದು ಮಾತು ನನ್ನನ್ನು ಬೆಚ್ಚಿಬೀಳಿಸಿತು. ನಾಯಿ ನರಳುವುದನ್ನು ನೋಡಲಾರದೆ ಅವರ ಮನೆಯವರು ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಡಲು ಹೊರಟಿದ್ದರಂತೆ. ಪುಣ್ಯಕ್ಕೆ ನಾಯಿ ಉಗುಳಿತು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವುಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು, ರಕ್ತಸ್ರಾವ ತರುತ್ತವೆ. ವಾಂತಿಯಿಂದ ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಪ್ರಮಾಣ ತಪ್ಪಿದರೆ ಯಕೃತ್ತಿಗೆ ಅಪಾಯ. ನಾಯಿಯ ನೋವಿಗೆ ಬೇರೆಯೇ ಔಷಧಿಗಳಿವೆ, ಅವು ಒಳ್ಳೆಯ ಔಷಧಿಗಳು. ನೋವಿದೆ ಅನಿಸಿದರೆ ಕೇಳಿ ಪಡೆಯಿರಿ. ನಾಯಿಗೆ ಮೊದಲಿನಿಂದ ಸಂಧಿನೋವಿನ ಮಾತ್ರೆ ನಡೆಯುತ್ತಿದ್ದರೆ ಅದನ್ನು ಈಗ ಮುಂದುವರಿಸಬಹುದೇ ಎಂಬುದನ್ನೂ ಮರೆಯದೆ ವಿಚಾರಿಸಿ.

ವಯಸ್ಸಿನ ನಾಯಿಗೆ ಬೇರೆ ಸೌಕರ್ಯಗಳೂ ಬೇಕು. ನುಣುಪು ಟೈಲ್ಸ್ ನೆಲದಲ್ಲಿ ಸೋತ ಕಾಲು ಜಾರುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲವರೆಗೆ ಗೋಣಿಚೀಲ ಹಾಸಿದರೂ ಸಾಕು. ನೀರು ಯಾವಾಗಲೂ ಕೈಗೆಟುಕುವಂತಿರಲಿ; ಗಟಗಟ ಕುಡಿದು ಕಾರಿಕೊಂಡರೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ನೀರಿನಂಶ ಕಡಿಮೆಯಾಗಿದೆಯೇ ಎಂದು ಕತ್ತಿನ ಚರ್ಮ ಎಳೆದು ನೋಡುವ ಪದ್ಧತಿ ಇದೆಯಲ್ಲ, ಮುದಿ ನಾಯಿಯಲ್ಲಿ ಅದು ಮೋಸಮಾಡುತ್ತದೆ, ಏಕೆಂದರೆ ಚರ್ಮ ವಯಸ್ಸಿನಿಂದಲೇ ಸಡಿಲವಾಗಿರುತ್ತದೆ. ಒಸಡು ಮುಟ್ಟಿ ನೋಡಿ. ಒದ್ದೆಯಾಗಿ ಜಾರಬೇಕು, ಬೆರಳಿಗೆ ಅಂಟಬಾರದು. ನಡಿಗೆ ಹತ್ತು ನಿಮಿಷ, ಬಿಸಿಲೇರುವ ಮುನ್ನ.

ಯಾವಾಗ ಕೂಡಲೇ ಕರೆದೊಯ್ಯಬೇಕು? ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ, ಆ ಹೊಟ್ಟೆನೋವಿನ ಭಂಗಿ ಮತ್ತೆ ಕಂಡರೆ, ವಾಂತಿ ಅಥವಾ ಮಲದಲ್ಲಿ ರಕ್ತವಿದ್ದರೆ, ಏಳಲಾರದಷ್ಟು ಸುಸ್ತಾದರೆ. ಕಣ್ಣಿನ ಬಿಳಿ ಭಾಗ, ಒಸಡು ಹಳದಿಯಾದರೂ ತಡಮಾಡಬೇಡಿ. ಪಿತ್ತನಾಳ ಈ ಗ್ರಂಥಿಯ ಪಕ್ಕದಲ್ಲೇ ಹಾದುಹೋಗುವುದರಿಂದ ಊದಿಕೊಂಡ ಗ್ರಂಥಿ ಅದನ್ನು ಒತ್ತಿ ಕಾಮಾಲೆ ಬರುವುದುಂಟು.

ಇನ್ನು ನಿಧಾನವಾಗಿ ಬರುವ ತೊಂದರೆಗಳು. ಕೆಲವು ಮುದಿ ನಾಯಿಗಳಲ್ಲಿ ಉರಿಯೂತ ಪೂರ್ತಿ ಆರದೆ ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತದೆ. ವಾರಕ್ಕೊಂದು ದಿನ ಊಟ ಬಿಡುವುದು, ಹುಲ್ಲು ತಿಂದು ಕಾರಿಕೊಳ್ಳುವುದು ಇಷ್ಟೇ ಕಾಣುತ್ತದೆ. 'ವಯಸ್ಸಾಯ್ತಲ್ಲ' ಎಂದು ಮನೆಯವರು ಸುಮ್ಮನಾಗುತ್ತಾರೆ. ಗ್ರಂಥಿಯ ಹೆಚ್ಚಿನ ಭಾಗ ನಷ್ಟವಾದರೆ ಇನ್ಸುಲಿನ್ ಸಾಲದೆ ಸಕ್ಕರೆ ಕಾಯಿಲೆ ಬರುತ್ತದೆ. ಆಗ ಬಟ್ಟಲು ಬಟ್ಟಲು ನೀರು ಕುಡಿಯುತ್ತದೆ, ಮನೆಯೊಳಗೇ ಮೂತ್ರ ಮಾಡುತ್ತದೆ, ತಿಂದರೂ ಸೊರಗುತ್ತದೆ. ಜೀರ್ಣರಸ ಸಾಲದಿದ್ದರೆ ಮಲ ಹೆಚ್ಚಾಗಿ, ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ ನಾರುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ. ಮೊದಲನೆಯದಕ್ಕೆ ದಿನಕ್ಕೆರಡು ಬಾರಿ ಇನ್ಸುಲಿನ್, ಎರಡನೆಯದಕ್ಕೆ ಊಟಕ್ಕೆ ಬೆರೆಸುವ ಜೀರ್ಣರಸದ ಪುಡಿ. ಮನೆಯಲ್ಲಿ ಮೂತ್ರ ಮಾಡಿತೆಂದು ಮುದಿ ನಾಯಿಗೆ ಹೊಡೆಯುವ ಮೊದಲು ಅದರ ರಕ್ತದ ಸಕ್ಕರೆ ನೋಡಿಸಿ.

ಒಂದು ಹಳೆಯ ನೋಟ್‌ಪುಸ್ತಕದಲ್ಲಿ ದಿನಾಂಕ, ತಿಂದದ್ದು, ವಾಂತಿ, ಮಲ ಇಷ್ಟನ್ನು ಬರೆದಿಡಿ. ವಾರಕ್ಕೊಮ್ಮೆ ತೂಕ ನೋಡಿ. ನಾಯಿ ತಕ್ಕಡಿ ಮೇಲೆ ನಿಲ್ಲುವುದಿಲ್ಲ, ನಿಜ. ನೀವು ಅದನ್ನು ಎತ್ತಿಕೊಂಡು ನಿಂತು ನೋಡಿ, ಆಮೇಲೆ ಬರಿಗೈಯಲ್ಲಿ ನಿಂತು ನೋಡಿ, ಕಳೆದರೆ ಆಯಿತು. ಎತ್ತುವಾಗ ಹೊಟ್ಟೆಗೆ ಕೈ ಹಾಕಬೇಡಿ, ಎದೆ ಮತ್ತು ತೊಡೆಗೆ ಆಧಾರ ಕೊಡಿ. ಬೊಜ್ಜಿದ್ದ ನಾಯಿ ನಿಧಾನವಾಗಿ ಇಳಿದರೆ ಒಳ್ಳೆಯದೇ. ಒಮ್ಮೆಲೇ ಇಳಿದರೆ ತೋರಿಸಬೇಕು. ಮೋತಿಗೆ ಈಗ 13 ವರ್ಷ, ತೂಕ ಹತ್ತೂಕಾಲು ಕೆ.ಜಿ. ಈ ಯುಗಾದಿಗೂ ಅಮ್ಮ ಅವನಿಗೆ ಎಲೆ ಹಾಕಿದ್ದರು. ಎಲೆಯ ಮೇಲೆ ಅನ್ನ, ಕೋಳಿ, ಸಿಹಿಗುಂಬಳದ ಎರಡು ಹೋಳು. ಬಿಡುಗಡೆಯ ಚೀಟಿಯಲ್ಲಿ ಮುಂದಿನ ತಪಾಸಣೆಯ ತಾರೀಖು ಬರೆದಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಹೋಗುವಾಗ ಆ ನೋಟ್‌ಪುಸ್ತಕವನ್ನೂ ಒಯ್ಯಿರಿ.